ಮೂರೇ ಟ್ಯಾಂಕು

ನಂದು ಲೆಕ್ಕ ಟ್ಯಾಂಕಿನ ಮ್ಯಾಗ.
ಟ್ಯಾಂಕಿಗೆ ಮೂವತ್ತು ರೂಪಾಯಿ, ನೀರು ಅವರದು, ಬೆನ್ನು ನಂದು.
ಮಸ್ಕಿ ಸುತ್ತಿನ ಎರಿ ಹೊಲದಾಗ
ನಾ ಪಂಪು ಹೊತ್ತು ತಿರುಗದ ಬದು ಇಲ್ಲ.

ಮೋದಿನಬಿ ಕರೆದಳು. ಕುಸುಬಿಗೆ ಹೇನು ಬಿದ್ದಿತ್ತು,
ಕುಡಿಗೆಲ್ಲ ಕರಿ ಎಳ್ಳು ಮೆತ್ತಿದ ಹಂಗ.
ಕೆಳಗಿನ ಎಲಿ ಮ್ಯಾಲ ಜೋನಿ ಸುರಿದು
ಇರುವಿ ಸಾಲು ಹಚ್ಚಿದ್ದವು,
ಚೆಂಬು ಹಿಡಿದು ಹಾಲು ಕರೆಯಾಕ ಬಂದವರಂಗ.
ಕಣ್ಣಳತಿಯಾಗ ಎಣಿಸಿದೆ: ಹತ್ತು ಟ್ಯಾಂಕು, ಮುನ್ನೂರು.
ಮೂಗಿಗೆ ಟವೆಲ್ ಕಟ್ಟಿದೆ.

"ಬಿಚ್ಚೋ ಅದನ್ನ," ಅಂದಳು.
ಬಕೀಟಿನಾಗ ರಾತ್ರಿ ನೆನೆದ ಬೇವಿನ ಬೀಜ,
ಹಳೇ ಧೋತರದಾಗ ಹಿಂಡಿದ ಹಾಲಿನಂಥ ಕಹಿ,
ಅಂಟವಾಳದ ನೊರಿ ಒಂದಿಷ್ಟು.
"ಬದುವಿನ ಕಡೆ ಆರು ಸಾಲು, ಅಷ್ಟ. ಒಳಗ ಹೋಗಬ್ಯಾಡ.
ಒಳಗ ನನ್ನ ಆಳು ಅದಾರ."

ಹೊಲದಾಗ ಯಾರೂ ಇರಲಿಲ್ಲ.

ಎಲಿ ಮಗುಚಿ ತೋರಿಸಿದಳು:
ಮೈತುಂಬ ಮುಳ್ಳು, ಬೂದಿ ಬಣ್ಣ, ಕಿತ್ತಳಿ ಚುಕ್ಕಿ,
ಉಗುರಿನಷ್ಟೂ ಇಲ್ಲದ ಮೊಸಳಿ.
ಅಯ್ಯ, ಇದು! ಇದನ್ನ ನಾ
ಎಷ್ಟು ಹೊಲದಾಗ ಹೆಬ್ಬೆರಳಿಂದ ಒರೆಸಿಲ್ಲ,
"ನೋಡ್ರಿ ಗೌಡ್ರ, ದೊಡ್ಡ ಹುಳಾನ ಬಂದಾವ,
ಇನ್ನೊಂದು ಸುತ್ತು ಹೊಡೀಬೇಕು" ಅಂತ.

"ಗುಲಗಂಜಿ ಹುಳದ ಮರಿ," ಅಂದಳು ಮೋದಿನಬಿ.
"ಹೆತ್ತ ಎಂಟು ದಿನ ಯಾವ ಕೂಸು ಚಂದ ಇರತೈತಿ, ಹೇಳು.
ಮುಂಜಾನಿಂದ ನಲವತ್ತು ಹೇನು ತಿಂತು ಇದು.
ಕಸ ತೆಗಿಯೂದು ಬಿಟ್ಟು ಎಣಿಸೀನಿ."

ಸೆರಗಿನ ಗಂಟಿನಿಂದ ಕಡ್ಡಿಪೆಟ್ಟಿಗಿ ತೆಗೆದು,
ಜ್ವಾಳದ ಹೊಲದಾಗ ಆರಿಸಿ ತಂದ ಕೆಂಪು ಹುಳ
ಒಂದೊಂದೇ ಕುಡಿಗೆ ಇಳಿಸಿದಳು.
ಕುಸುಬಿ ಮುಳ್ಳು ಬೆರಳಿಗೆ ಚುಚ್ಚುತಿತ್ತು.
ಯಾವುದು ಹುಳ, ಯಾವುದು ನೆತ್ತರ ಹನಿ,
ಹೊತ್ತು ಇಳಿಯೂ ಬೆಳಕಿನಾಗ ನನಗ ತಿಳೀಲಿಲ್ಲ.

ಮೂರು ಟ್ಯಾಂಕಿಗೆ ಮುಗೀತು.
ತೊಂಬತ್ತು ಎಣಿಸಿ ಕೊಟ್ಟಳು. "ಎಂಟು ದಿನ ಬಿಟ್ಟು ಬಾ,
ಹೊಡಿಯಾಕಲ್ಲ, ಎಣಿಸಾಕ. ಅದಕ್ಕೂ ಕೂಲಿ ಐತಿ."
ಹುಳ ಎಣಿಸೂ ಕೂಲಿ!
ಊರ ಅಗಸಿ ಬರೂತನ ಸೈಕಲ್ ಮ್ಯಾಲ ನಕ್ಕೆ.
ಬೆನ್ನ ಮ್ಯಾಲ ಖಾಲಿ ಟ್ಯಾಂಕು ಡಬಡಬ ಅಂತಿತ್ತು.

ದಿನಾ ಹೊರಗಿನ ಬೇಲಿ ಮ್ಯಾಲ ಒಗಿಯೂ ಅಂಗಿ.
ಹೆಂಡತಿ ಇವತ್ತು ಮೂಸಿ ನೋಡಿದಳು,
ಇನ್ನೊಮ್ಮೆ ಮೂಸಿದಳು.
ಏನೂ ಅನ್ನಲಿಲ್ಲ,
ಒಳಗಿನ ಗೂಟಕ್ಕ ಹಾಕಿದಳು.