ಅಂದಾಜು

ಅಪೆನ್ಸೆಲ್ ಊರಲ್ಲಿ ಏಪ್ರಿಲ್ ಕೊನೆಯ ಭಾನುವಾರ
ಮತ ಎಣಿಸುವುದಿಲ್ಲ, ಅಂದಾಜು ಮಾಡುತ್ತಾರೆ.
ಚೌಕದ ತುಂಬ ಜನ ಕೈಯೆತ್ತುತ್ತಾರೆ.
ಮರದ ಅಟ್ಟಣೆಯ ಮೇಲೆ ಕರಿ ನಿಲುವಂಗಿಯ ಹಿರಿಯ
ಪೈರು ನೋಡುವವನ ಹಾಗೆ ಕಣ್ಣು ಹಾಯಿಸಿ
ಈ ಕಡೆ ಹೆಚ್ಚು ಅನ್ನುತ್ತಾನೆ.
ಎಲ್ಲರೂ ಒಪ್ಪುತ್ತಾರೆ.
ನನಗೆ ಅದೇ ಸೋಜಿಗ: ಒಪ್ಪುತ್ತಾರೆ.

ಇದನ್ನೆಲ್ಲ ನಾನು ನೋಡುವುದು ಹೋಟೆಲಿನ ಅಡುಗೆಮನೆ ಕಿಟಕಿಯಿಂದ,
ಮೊಣಕೈವರೆಗೂ ಸೋಪಿನ ನೊರೆ.
ಸಭೆ ಮುಗಿಯಿತೆಂದರೆ ನಾನೂರು ತಟ್ಟೆ ಬರುತ್ತವೆ;
ಪ್ರಜಾಪ್ರಭುತ್ವಕ್ಕೆ ಹಸಿವು ಜಾಸ್ತಿ.

ಆಲೂಗಡ್ಡೆ ಸುಲಿಯುತ್ತ ಕುಗದಾಸನ್ ಹೇಳಿದ:
"ನಮ್ಮ ದ್ವೀಪದಲ್ಲಿ ಚುನಾವಣೆಗೇನು ಬರ ಇರಲಿಲ್ಲ, ಒಗ್ಬಾಯ್.
ಬೆರಳಿಗೆ ಶಾಯಿ, ಪೆಟ್ಟಿಗೆಗೆ ಬೀಗ.
ಎಣಿಸಿದರೆ ಪ್ರತಿ ಸಲವೂ
ಅವರು ಹೆಚ್ಚು, ನಾವು ಕಡಿಮೆ.
ಲೆಕ್ಕ ತಪ್ಪಿರಲಿಲ್ಲ ನೋಡು,
ತೊಂದರೆ ಅದೇ."
ಅವನ ಚಾಕು ಆಲೂಗಡ್ಡೆಯ ಕಣ್ಣು ಕೀಳುತ್ತಿತ್ತು.

ಬಡಿಸುವ ಹುಡುಗಿ ರೋವೆನಾ ನಕ್ಕಳು:
ಅವರ ರಾಜ ವರ್ಷಕ್ಕೊಮ್ಮೆ ಕಿರೀಟ ಹೊತ್ತು
ಬೇರೆ ಯಾರೋ ಬರೆದದ್ದನ್ನು ಓದಿ
"ನನ್ನ ಸರ್ಕಾರ" ಅನ್ನುತ್ತಾನಂತೆ.
"ನಿಮ್ಮ ರಾಜ ಹೇಗೆ?" ಎಂದಳು ವೀರಪೋಂಗನಿಗೆ.
ಅವನು ಹೊಗೆ ಎಳೆಯುವ ಫ್ಯಾನನ್ನು ಜೋರು ಮಾಡಿದ.
ಬ್ಯಾಂಕಾಕ್ ಅಲ್ಲಿಂದ ಒಂಬತ್ತು ಸಾವಿರ ಕಿಲೋಮೀಟರು.

ಯಜಮಾನನ ತಾಯಿ ಒಟೀಲಿಯಾಗೆ ಎಂಬತ್ತೊಂದು.
ಚೌಕಕ್ಕೆ ಹೊರಡುವ ಮುನ್ನ ಒಂದು ಚಮಚ ಸೂಪು ರುಚಿ ನೋಡಿ
ಬಾಗಿಲಲ್ಲೇ ನಿಂತು ಹೇಳಿದಳು:
"ನನ್ನ ಗಂಡ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಹೋಗುತ್ತಿದ್ದ.
ಕತ್ತಿಯೇ ಮತದ ಚೀಟಿ.
ಅದಕ್ಕೆ ಎಣ್ಣೆ ಸವರಿ ಕೊಡುವವಳು ನಾನು.
ತೊಂಬತ್ತರಲ್ಲಿ ಕೇಳಿದರು, ಹೆಂಗಸರೂ ಬರಲೇ ಅಂತ.
ಗಂಡಸರು ಕೈಯೆತ್ತಿ ಬೇಡ ಅಂದರು.
ನನ್ನವನೂ ಎತ್ತಿದ. ಈ ಕಿಟಕಿಯಿಂದಲೇ ಕಂಡೆ.
ಆಮೇಲೆ ಕೋರ್ಟು ಹೇಳಬೇಕಾಯಿತು.
ಆ ರಾತ್ರಿ ಮಾತ್ರ ನಾನು ಸೂಪಿಗೆ ಉಪ್ಪು ಹಾಕಲಿಲ್ಲ."
ಏಳು ನೂರು ವರ್ಷದ ಜನತಂತ್ರ, ಅನ್ನುತ್ತದೆ
ನಮ್ಮ ಹೋಟೆಲಿನ ಮೆನು ಕಾರ್ಡು.

ನನ್ನ ದೇಶದ ಮಾತು ಬಂತು.
ಏನು ಹೇಳಲಿ?
ಸಂವಿಧಾನ ಇದೆ. ಮದುವೆಗೆಂದು ಹೊಲಿಸಿ
ಪೆಟ್ಟಿಗೆಯಲ್ಲಿಟ್ಟ ಬಟ್ಟೆಯ ಹಾಗೆ, ಮಡಿಕೆ ಬಿಚ್ಚಿಲ್ಲ.
ಹದಿನೆಂಟು ತಿಂಗಳ ಸೈನ್ಯಸೇವೆ ಅಂದರು,
ಹನ್ನೊಂದನೆಯ ವರ್ಷ ನಾನೇ ಎದ್ದು ನಡೆದೆ.
ಗಡಿಯಲ್ಲಿ ಟಾರ್ಚು ಬಿದ್ದಾಗ ಎರಡೂ ಕೈ ಎತ್ತಿದ್ದೆ.
"ಒಂದು ಎತ್ತಿದರೆ ಪ್ರಜೆ, ಎರಡೂ ಎತ್ತಿದರೆ ಕೈದಿ"
ಎಂದ ಕುಗದಾಸನ್, ತನ್ನ ಮಾತಿಗೆ ತಾನೇ ಮೆಚ್ಚಿ.
ಅದನ್ನು ಅವನು ಹೋದ ವರ್ಷವೂ ಹೇಳಿದ್ದ.

ಇಲ್ಲಿ ನನ್ನ ಗುರುತಿನ ಚೀಟಿಯಲ್ಲಿ "ತಾತ್ಕಾಲಿಕ" ಎಂದಿದೆ,
ಒಂಬತ್ತು ವರ್ಷದಿಂದ.

ಹನ್ನೆರಡೂ ಕಾಲಿಗೆ ಸೇತುವೆಯ ಪ್ರಶ್ನೆ ಬಂತು:
ಹಳೆಯದನ್ನೇ ರಿಪೇರಿ ಮಾಡುವುದೋ, ಹೊಸತೋ.
ಹೊಸತು ಬೇಕೆನ್ನುವವರು ಕೈಯೆತ್ತಿ, ಎಂದ ಹಿರಿಯ.
ನಾನು ಅದೇ ಹೊತ್ತಿಗೆ ತಾಮ್ರದ ದೊಡ್ಡ ಬಾಣಲೆಯನ್ನು
ಮೇಲಿನ ಕೊಕ್ಕೆಗೆ ಸಿಕ್ಕಿಸುತ್ತಿದ್ದೆ.
ಬಲಗೈ ಕಿಟಕಿಯ ಗಾಜಿಗೆ ಎದುರಾಗಿ, ನೊರೆ ಸೋರುತ್ತ.
ಹಿರಿಯನ ಕಣ್ಣು ಚೌಕವನ್ನು ಹಾಯ್ದು, ಗಂಟೆಗೋಪುರ ಹಾಯ್ದು,
ಹೋಟೆಲಿನ ಗೋಡೆಗೆ ಬಂದು
ಒಂದು ಗಳಿಗೆ ನಿಂತಿತು.
ಎರಡನೆಯ ಸಲ ನೋಡಿದ.
ಇಷ್ಟರಲ್ಲಿ ಇಷ್ಟು, ಅನ್ನುವಷ್ಟೇ ವ್ಯತ್ಯಾಸ.

ಹೊಸ ಸೇತುವೆ, ಎಂದ.

ಬಾಣಲೆ ಕೊಕ್ಕೆಗೆ ಬಿದ್ದಿತ್ತು. ಕೈ ಮಾತ್ರ
ಇಳಿಸಲು ಮರೆತಿದ್ದೆ.

ಒಟೀಲಿಯಾ ವಾಪಸು ಬಂದು ಟೋಪಿ ತೆಗೆದಳು.
"ಅವನ ಎಡಗಣ್ಣಲ್ಲಿ ಪೊರೆ ಇದೆ, ಯಾರಿಗೂ ಹೇಳಬೇಡ.
ನಾನು ಹಳೆಯ ಸೇತುವೆಗೇ ಕೈಯೆತ್ತಿದ್ದೆ.
ನೀನು?"

ತಟ್ಟೆಗಳು ಬರತೊಡಗಿದವು.