ಕಾರ್ಡು ಬರೆಯದವರು

ಔಲು ಊರಲ್ಲಿ ಮಾರ್ಚ್ ಬಂದರೂ ನದಿ ಬಿರಿಯುವುದಿಲ್ಲ.
ಕಚೇರಿಯ ಮೂರನೇ ಮಹಡಿ, ಆರಿದ ಕಾಫಿ,
ಮೇಜಿನ ಮೇಲೆ ನಲವತ್ತೊಂದು ಪುಟ.
ಹೆಲ್ಕಾ ವೂರಿಯಾರ್ವಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ
ಇಪ್ಪತ್ತಾರನೇ ಪುಟಕ್ಕೇ ಬಂದು ನಿಂತಳು.

ಚೀಟಿ ಎತ್ತಿದವಳು ನಾನೇ.
ಉಣ್ಣೆ ಟೊಪ್ಪಿಗೆಯೊಳಗೆ ಕೈ ಹಾಕಿ
ಈ ಹುಡುಗ ಕಾಡಿನ ಮನೆಗೆ, ಈ ಹುಡುಗ ಬರೀ ಮನೆಭೇಟಿಗೆ ಎಂದು
ಪಾಲು ಮಾಡಿದ ಪಾಪಿ.
‘ಮಕ್ಕಳೇನು ಲಾಟರಿಯೇ?’ ಎಂದು ಅಂದು ಗುಡುಗಿದ್ದಳು.
‘ಇರುವುದೇ ಹನ್ನೆರಡು ಹಾಸಿಗೆ,
ಹೇಗೂ ಯಾರನ್ನೋ ಬಿಡುತ್ತೀರಲ್ಲ’ ಎಂದಿದ್ದೆ.
ಆಮೇಲೆ ಒಂದು ತಿಂಗಳು ನನ್ನೊಡನೆ ಮಾತಿಲ್ಲ.

ಕಾಡಿನ ಮನೆ ಅಂದರೆ ಅವಳ ಹದಿನೆಂಟು ವರ್ಷ.
ಕದ್ದವರು, ಹೊಡೆದವರು, ಶಾಲೆಯ ಗಾಜಿಗೆ ಕಲ್ಲು ಬೀರಿದವರು
ಶುಕ್ರವಾರ ಸಂಜೆ ವ್ಯಾನು ಹತ್ತುತ್ತಿದ್ದರು.
ಮಂಜುಗಡ್ಡೆ ಕೊರೆದು ಗಾಳ ಇಳಿಬಿಟ್ಟು ಕಾಯುವುದು,
ಸೌನಾದ ಹಬೆಯಲ್ಲಿ ಬೆವರಿ ಹಿಮಕ್ಕೆ ಹಾರುವುದು,
ರಾತ್ರಿ ಬಟಾಣಿ ಸಾರು, ಒಲೆಯ ಸುತ್ತ ಮಾತು.
ಅವಳು ಮಲಗಿದ ಮೇಲೂ ಮಾತು.
ಆ ಮಾತನ್ನು ನಾವು ಯಾರೂ ಕೇಳಿಸಿಕೊಂಡಿರಲಿಲ್ಲ.

ಇಪ್ಪತ್ತಾರನೇ ಪುಟ ಕೇಳಿಸಿಕೊಂಡಿತ್ತು.
ಕಾಡಿಗೆ ಹೋದ ಎಂಬತ್ತೆರಡರಲ್ಲಿ ಮೂವತ್ತೊಂದು ಹುಡುಗರು
ಐದು ವರ್ಷದೊಳಗೆ ಮತ್ತೆ ಕಟಕಟೆ ಹತ್ತಿದರು.
ಹೋಗದ ಎಂಬತ್ತೆರಡರಲ್ಲಿ ಹದಿನೇಳು.

ಕಾರಣ ಇದಿರಬಹುದು ಎಂದಷ್ಟೇ ಬರೆದಿದ್ದರು:
ಹುಡುಗನಿಂದ ಹುಡುಗ ಕಲಿತ,
ಯಾವ ಬೀಗ ಎಷ್ಟಕ್ಕೆ ಬಿಡುತ್ತದೆ,
ಯಾವ ಪೊಲೀಸನೆದುರು ಎಷ್ಟು ಅಳಬೇಕು.
ಒಬ್ಬೊಬ್ಬರೇ ಇದ್ದಾಗ ಕಿಡಿ,
ನಾವು ಗುಡ್ಡೆ ಹಾಕಿ ಊದಿದೆವು.

‘ಮತ್ತೆ ಯಾಲೋ?’ ಎಂದಳು.
‘ಪ್ರತಿ ಕ್ರಿಸ್‌ಮಸ್ಸಿಗೂ ಕಾರ್ಡು ಬರೆಯುತ್ತಾನೆ.
ಬೇಕರಿ ಇಟ್ಟಿದ್ದಾನೆ. ಮಗಳಿಗೆ ನನ್ನ ಹೆಸರು.’
ನಾನು ಸುಮ್ಮನಿದ್ದೆ.
ಅವಳಿಗೇ ಹೊಳೆಯಲಿ ಎಂದಲ್ಲ, ನನಗೆ ಧೈರ್ಯವಿರಲಿಲ್ಲ.

ಎದ್ದು ಹೋಗಿ ಗೋಡೆಯ ಕಾರ್ಡುಗಳನ್ನು
ಬೆರಳಿಟ್ಟು ಎಣಿಸಿದಳು. ಇಪ್ಪತ್ತಮೂರು.
ಹದಿನೆಂಟು ವರ್ಷಕ್ಕೆ
ಇಪ್ಪತ್ತಮೂರು.
‘ಉಳಿದವರೆಲ್ಲಿ?’ ಎಂದು ಗೋಡೆಯನ್ನೇ ಕೇಳಿದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ.
ಸರಿಯೇ. ಆದರೆ ಕಾಣದೇ ಹೋದದ್ದನ್ನು
ಯಾವ ತಕ್ಕಡಿಗೆ ಎತ್ತಿ ಹಾಕುವುದು?
ಬರೆದವರು ಗೋಡೆಯೇರಿ ಕೂತಿದ್ದರು.
ಬರೆಯದವರು ಇಷ್ಟು ತಡವಾಗಿ
ಅಂಕಿಯ ಕೋಟು ತೊಟ್ಟು ಬಾಗಿಲು ತಟ್ಟಿದ್ದರು.

ಸಾರು ಬಿಸಿಯಿತ್ತು, ಅದು ಸುಳ್ಳಲ್ಲ.
ಮದ್ದೆಂದು ಕೊಟ್ಟದ್ದು ಮದ್ದಾಗಿರಲಿಲ್ಲ, ಅಷ್ಟೆ.
ಆ ‘ಅಷ್ಟೆ’ಯನ್ನು ಅವಳು ಆ ದಿನ
ಮೂರು ಮಹಡಿ ಹೊತ್ತು ಇಳಿದದ್ದನ್ನು ನೋಡಿದೆ.

ಅದಕ್ಕೂ ಮೊದಲು ಫೋನು ಬಂದಿತ್ತು. ಈಲಿಸ್‌ನ ತಾಯಿ.
ಶುಕ್ರವಾರಕ್ಕೆ ಹಾಸಿಗೆ ಉಂಟೇ? ಹುಡುಗ ಆಗಲೇ ಗಾಳ ಕೊಂಡಿದ್ದಾನೆ.
ನಲವತ್ತೊಂದು ಪುಟದಲ್ಲಿ
ಹದಿನಾಲ್ಕರ ಈಲಿಸ್‌ಗೆ ಏನು ಹೇಳಬೇಕೆಂದು ಇರಲಿಲ್ಲ.
‘ಕಾಡಿನ ಮನೆ ಇನ್ನಿಲ್ಲ’ ಎಂದಳು ಹೆಲ್ಕಾ,
‘ನಾನೇ ಬರುತ್ತೇನೆ. ಅವನೊಬ್ಬನೇ ಇರುವಾಗ.
ಗಾಳ ಇಟ್ಟುಕೊಂಡಿರಲಿ.’
ಇದು ಫಲಿಸುತ್ತದೆಯೇ ಎಂದು ನಾನು ಕೇಳಿದ್ದಕ್ಕೆ
‘ಐದು ವರ್ಷ ಬಿಟ್ಟು ಕೇಳು. ಟೊಪ್ಪಿಗೆ ಎಸೆಯಬೇಡ.’

ಏಪ್ರಿಲ್‌ನಲ್ಲಿ ಹಳೆಯ ರಿಜಿಸ್ಟರು ತೆಗೆದು
ಬರೆಯದವರಿಗೆಲ್ಲ ಕಾರ್ಡು ಬರೆದಳು.
ಏನು ಬರೆದಳೋ ತೋರಿಸಲಿಲ್ಲ, ಅಂಚೆಚೀಟಿ ನಾನು ಹಚ್ಚಿದೆ.
ಉತ್ತರ ನಾಲ್ಕು ಬಂದವು, ಒಂದರಲ್ಲಿ ಬೈಗುಳ.
ಐವತ್ತೆರಡು ಹಾಗೇ ತಿರುಗಿ ಬಂದವು,
ವಿಳಾಸದಲ್ಲಿ ಇಲ್ಲ ಎಂಬ ಕೆಂಪು ಮೊಹರಿನೊಡನೆ.
ಅವನ್ನೂ ಗೋಡೆಗೆ ಹಚ್ಚಿದ್ದಾಳೆ,
ಯಾಲೋನ ಬೇಕರಿಯ ಪಕ್ಕದಲ್ಲೇ,
ಮೊಹರು ಕಾಣುವಂತೆ.