ಓದಲಾಗಿದೆ ಎಂದು ಭಾವಿಸಿ

ಗುರುವಾರದ ಸಭೆಯ ತೀರ್ಮಾನವನ್ನು
ನಾನು ಸೋಮವಾರವೇ ಟೈಪು ಮಾಡಿದ್ದೆ.
'ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ' –
ಈ ನಾಲ್ಕು ಮಾತು ನನ್ನ ಬೆರಳಿಗೇ ಬಾಯಿಪಾಠ,
ಕಣ್ಣು ಬೇಕಿಲ್ಲ.

ಬೋಗಾದಿ ರಸ್ತೆಗೆ ಕಿಟಕಿಯಿರುವ ನಮ್ಮ ಮ್ಯಾನೇಜ್‌ಮೆಂಟ್ ಸ್ಕೂಲು
ಮೊದಲು ಕಾಮರ್ಸ್ ವಿಭಾಗದ ಹಿಂಬದಿಯಲ್ಲಿತ್ತು.
ಆಗ ಮರದ ಬೆಂಚು. ಈಗ ತಿರುಗುವ ಕುರ್ಚಿ,
ಕುರ್ಚಿ ತಿರುಗಿದ ಕಡೆಗೆ ಕೂತವರೂ.

ಹದಿನೇಳು ಪ್ರೊಫೆಸರುಗಳು, ಹದಿನೇಳು ತಟ್ಟೆ ಗೋಡಂಬಿ.
ಒಂದರಿಂದ ಏಳರವರೆಗಿನ ವಿಷಯ
ಇಪ್ಪತ್ತು ನಿಮಿಷಕ್ಕೆ ಮುಗಿದವು.
ಎಂಟು: ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು.
ಕೊಯ್ಯುವುದು ಯಾವಾಗಲೂ ಇಲ್ಲೇ,
ಮೆಲ್ಲಗೆ, ಊಟದ ಹೊತ್ತಿಗೆ ಸರಿಯಾಗಿ.

"ಸಹಕಾರ ನಿರ್ವಹಣೆ ಪತ್ರಿಕೆ," ಅಂದರು ಡೈರೆಕ್ಟರ್ ಆರಾಧ್ಯ,
"ಈ ಸಾಲಿಗೆ ಹನ್ನೊಂದೇ ಮಕ್ಕಳು. ಬಿಟ್ಟುಬಿಡೋಣ.
ಆ ಜಾಗಕ್ಕೆ ಡೇಟಾ ಅನಲಿಟಿಕ್ಸ್. ಕಂಪನಿಯವರೇ ಬಂದು ಕಲಿಸ್ತಾರೆ.
ಕುಲಪತಿಗಳ ಮನಸ್ಸಲ್ಲೂ ಇದೆ."
ಕುಲಪತಿಗಳ ಮನಸ್ಸು ಎಂಬುದು ನಮ್ಮಲ್ಲಿ
ಪರಿನಿಯಮಕ್ಕಿಂತ ಒಂದು ಗೇಣು ಮೇಲೆ.

ಎದ್ದು ನಿಂತವರು ಚೆಲುವಾಜಮ್ಮಣ್ಣಿ ಮೇಡಂ ಒಬ್ಬರೇ.
"ಇದು ಅಧ್ಯಯನ ಮಂಡಳಿಗೆ ಹೋಗಿಲ್ಲ.
ನಮ್ಮನ್ನು ನೀವು ಕೇಳಿಲ್ಲ, ನಮಗೆ ಹೇಳಿದ್ದೀರಿ, ಅಷ್ಟೆ.
ನನ್ನ ಭಿನ್ನಮತ ಬರೆದುಕೊಳ್ಳಲಿ."
"ಬರ್ಕೊಂಡಾಯ್ತು ಮೇಡಂ, ಕೂತ್ಕೊಳ್ಳಿ."
ನಿನ್ನೆ ಕಾರಿಡಾರಿನಲ್ಲಿ ಅವರ ಬೆನ್ನಿಗಿದ್ದ ಐವರು
ಗೋಡಂಬಿಯನ್ನು ಎರಡು ಹೋಳು ಮಾಡುವುದರಲ್ಲಿ ಮಗ್ನ.

ಬರೆದುಕೊಂಡದ್ದು ನಿಜ. ಶೀಘ್ರಲಿಪಿಯಲ್ಲಿ:
ಒಂದು ಕೊಂಡಿ, ಎರಡು ಚುಕ್ಕೆ, ಕೆಳಕ್ಕಿಳಿದ ಒಂದು ಗೆರೆ.
ಕರಡಿನಲ್ಲೂ ಸೇರಿಸಿದೆ. ಸಂಜೆಗೆ ಕರಡು ವಾಪಸು ಬಂತು,
ಆ ಸಾಲಿನ ಮೇಲೆ ಹಸಿರು ಇಂಕಿನ ಗೀರು.
ನೇರವಾದ ಗೀರು. ಸ್ಕೇಲು ಇಟ್ಟು ಹೊಡೆದಿದ್ದರು.
ಅಷ್ಟು ಶ್ರದ್ಧೆ.

ಮಂಡ್ಯದ ಪ್ಯಾಸೆಂಜರು ನಾಗನಹಳ್ಳಿ ದಾಟುವಾಗ ಅವ್ವ ನೆನಪಾದಳು.
ಕೊಪ್ಪಲಿನ ಹೆಂಗಸರ ಹಾಲಿನ ಸಂಘದಲ್ಲಿ
ಅವಳೂ ಒಬ್ಬ ಡೈರೆಕ್ಟರು.
ಒಂಬತ್ತು ಜನರಲ್ಲಿ ಏಳು ಹೆಬ್ಬೆಟ್ಟು.
ಸೆಕ್ರೆಟರಿ ಜಯಶೀಲ ಪುಸ್ತಕ ಮುಂದಕ್ಕೆ ನೂಕಿದರೆ
"ಓದವ್ವ ಮೊದ್ಲು" ಅನ್ನೋರು.
ಓದಬೇಕು. ಫ್ಯಾಟು ಎಷ್ಟು, ಹಿಂಡಿ ಮೂಟೆಗೆಷ್ಟು,
ಹೊಸ ಕ್ಯಾನಿಗೆ ಯಾರು ಹೂಂ ಅಂದರು.
"ನಾನು ಬ್ಯಾಡ ಅಂದಿದ್ದು ಎಲ್ಲವ್ವಾ ಅದ್ರಲ್ಲಿ?"
ಚಿಕ್ಕತಾಯಿ ಕೇಳೋಳು.
ಬರಿ. ಇನ್ನೊಂದ್ಸಲ ಓದು.
ಆಮೇಲೇ ಪ್ಯಾಡಿಗೆ ಬೆರಳು.
'ಓದಿ ಕೇಳಿ ಸರಿಯೆಂದು ಒಪ್ಪಿ' ಎಂಬ ಸಾಲಿನ ಕೆಳಗೆ
ಏಳು ನೀಲಿ ಸುಳಿಗಳು.
ಸೀಗೆಪುಡಿ ಹಾಕಿ ತಿಕ್ಕಿದರೂ ಅವ್ವನ ಬೆರಳಿಂದ
ಎರಡು ದಿನ ಹೋಗುತ್ತಿರಲಿಲ್ಲ;
ನಾನು ಆ ಕೈಯ ಮುದ್ದೆ ತಿಂದವಳು.

ಮುಂದಿನ ಸಭೆ. ವಿಷಯ ಒಂದು: ಹಿಂದಿನ ಸಭೆಯ ನಡಾವಳಿ.
"ಓದಲಾಗಿದೆ ಎಂದು ಭಾವಿಸೋಣವೇ?"
ಡೈರೆಕ್ಟರು ಕೇಳಿದ್ದು ಮೇಜನ್ನು.
ಮೇಜು ಯಾವತ್ತೂ ಇಲ್ಲ ಎಂದದ್ದಿಲ್ಲ.

ಮೇ ತಿಂಗಳಿಗೆ ನನ್ನ ನಿವೃತ್ತಿ.
ಈ ಕಟ್ಟಡದಲ್ಲಿ ಶೀಘ್ರಲಿಪಿ ಬಲ್ಲವರು ಬೇರೆ ಯಾರೂ ಇಲ್ಲ,
ನೋಟ್‌ಬುಕ್ಕು ರದ್ದಿಗೆ ಹೋಗುತ್ತದೆ
ಕೊಂಡಿ ಚುಕ್ಕೆ ಗೆರೆ ಸಮೇತ.
ಅದು ಗೊತ್ತಿದ್ದಕ್ಕೋ,
ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲವೆಂದೋ,
ಮೂವತ್ತೊಂದು ವರ್ಷದಲ್ಲಿ ಮೊದಲ ಸಲ
ಸಭೆಯೊಳಗೆ ಬಾಯಿಬಿಟ್ಟೆ:

"ಓದ್ಲಾ ಸಾರ್?"

ಫ್ಯಾನಿನ ಸದ್ದು.
ಯಾರದೋ ಕುರ್ಚಿ ಅರ್ಧ ತಿರುಗಿ ನಿಂತಿತು.
ಚೆಲುವಾಜಮ್ಮಣ್ಣಿ ಮೇಡಂ ಕನ್ನಡಕ ತೆಗೆದು
ಸೆರಗಿನಲ್ಲಿ ಒರೆಸತೊಡಗಿದರು.
ನಾನು ಅಚ್ಚಾದ ಹಾಳೆಯನ್ನು ಬದಿಗಿಟ್ಟು
ನೋಟ್‌ಬುಕ್ಕು ತೆರೆದೆ.